ದ್ನೀಪರ್ ನದಿಯ ಬೆಳದಿಂಗಳು

ಚಿತ್ರಕಾರನ ಕೃತಿಗೆ ಕವಿಯ ಕೃತಿಗಿಲ್ಲದ ಒಂದು ಅಪಾಯವುಂಟು. ಕಾವ್ಯವು ಓಲೆಯಿಂದ ಓಲೆಗೆ, ಪುಸ್ತಕದಿಂದ ಪುಸ್ತಕಕ್ಕೆ ಪ್ರತಿಯಾಗುತ್ತ ಬರುತ್ತದೆ. ಒಂದು ಪ್ರತಿಯನ್ನು ಗೆದ್ದಲು ತಿಂದರೂ ಇನ್ನೊಂದು ಎಲ್ಲಿಯೋ ಉಳಿದಿರುತ್ತದೆ. ಚಿತ್ರವಾದರೋ ಇರುವುದು ಒಂದೇ. ಅದರ ಬಣ್ಣ ಮಾಸಿತೆಂದರೆ ಅದನ್ನು ಬರೆದ ಕೈ ಮತ್ತೆ ಬಂದು ತಿದ್ದುವಂತಿಲ್ಲ. ಮುಂದಿನ ತಲೆಮಾರಿನವರು ಮಾಸಿದ ಚಿತ್ರವನ್ನೇ ನೋಡುತ್ತ, ಹಿಂದಿನವರು ಏನನ್ನು ಕಂಡು ಬೆರಗಾದರೆಂಬುದನ್ನು ಊಹಿಸಿಕೊಳ್ಳಬೇಕು.

ಹೀಗೆ ಅರ್ಧ ಊಹೆಗೆ ಬಿಟ್ಟುಹೋದ ಚಿತ್ರಗಳಲ್ಲಿ ‘ದ್ನೀಪರ್ ನದಿಯ ಮೇಲೆ ಬೆಳದಿಂಗಳ ರಾತ್ರಿ’ ಎಂಬ ತೈಲವರ್ಣಚಿತ್ರವೂ ಒಂದು. 1880ರಲ್ಲಿ ಅದನ್ನು ರಚಿಸಿದಾತ ಆರ್ಖಿಪ್ ಇವಾನೊವಿಚ್ ಕುಯಿಂಜಿ. ಆ ಒಂದು ಚಿತ್ರವನ್ನು ನೋಡಲು ಅಂದು ರಷ್ಯದ ರಾಜಧಾನಿಯಾಗಿದ್ದ ಸೇಂಟ್ ಪೀಟರ್ಸ್‌ಬರ್ಗಿನ ಬೀದಿಯಲ್ಲಿ ಜನ ಸಾಲುಗಟ್ಟಿ ನಿಂತರು. ಎರಡು ವರ್ಷ ಕಳೆಯುವಷ್ಟರಲ್ಲಿ, ಕೀರ್ತಿಯ ತುದಿಯಲ್ಲಿದ್ದ ಆ ಕಲಾವಿದ ತನ್ನ ಚಿತ್ರಗಳನ್ನು ಲೋಕಕ್ಕೆ ತೋರಿಸುವುದನ್ನೇ ನಿಲ್ಲಿಸಿದ. ಅನಂತರ ಗುರುವಾದ. ಕುಯಿಂಜಿಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಬೆಳದಿಂಗಳ ಚಿತ್ರದ ಬಳಿಯೇ ನಿಂತುಬಿಡುತ್ತಾರೆ. ಪಾಠ ಹೇಳುವುದನ್ನೇ ವೃತ್ತಿಯಾಗಿ ಉಳ್ಳ ನನಗೆ, ಕೇವಲ ಮೂರು ವರ್ಷಗಳ ಆತನ ಅಧ್ಯಾಪಕತನವು ಆ ಚಿತ್ರಕ್ಕಿಂತ ಕಡಿಮೆಯದಾಗಿ ಎಂದೂ ತೋರಿಲ್ಲ. ಚಿತ್ರಕ್ಕೆ ಆದ ಗತಿಯನ್ನೂ ಬೋಧನೆಗೆ ದೊರೆತ ಫಲವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂಬುದು ನನ್ನ ಉದ್ದೇಶ.

ಅಜೋವ್ ಸಮುದ್ರದ ದಡದಲ್ಲಿ ಮಾರಿಯುಪೊಲ್ ಎಂಬ ಪಟ್ಟಣವಿದೆ. ಇಂದು ಅದು ಯುದ್ಧದ ವಾರ್ತೆಗಳಿಂದ ಲೋಕಕ್ಕೆಲ್ಲ ಪರಿಚಿತವಾದ ಹೆಸರು. ಅಲ್ಲಿಯ ಹೊರಕೇರಿಯೊಂದರಲ್ಲಿ, ಗ್ರೀಕ್ ಮೂಲದ ಬಡ ಚಮ್ಮಾರನೊಬ್ಬನ ಮನೆಯಲ್ಲಿ ಕುಯಿಂಜಿ ಹುಟ್ಟಿದ. ಹುಟ್ಟಿದ ವರ್ಷವನ್ನು 1841 ಎಂದು ಕೆಲವರೂ 1842 ಎಂದು ಕೆಲವರೂ ಹೇಳುತ್ತಾರೆ. ಕ್ರಿಮಿಯದ ಕಡೆಯಿಂದ ಬಂದು ನೆಲಸಿದ್ದ ಆ ಗ್ರೀಕರ ಮನೆಮಾತು ತುರ್ಕಿ ಬಳಗದ ಒಂದು ಭಾಷೆ. ಆ ನುಡಿಯಲ್ಲಿ ಕುಯಿಂಜಿ ಎಂದರೆ ಅಕ್ಕಸಾಲಿ. ಅಜ್ಜನ ಕಸುಬಿನಿಂದ ಬಂದ ಹೆಸರು ಅದು. ಹೆಸರಿನಲ್ಲಿ ಚಿನ್ನವಿದ್ದರೂ ಮನೆಯಲ್ಲಿ ಕಾಸಿರಲಿಲ್ಲ. ಹುಡುಗ ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿ ಬೆಳೆದ. ಬಾತುಗಳನ್ನು ಮೇಯಿಸಿದ; ಇಗರ್ಜಿಯೊಂದನ್ನು ಕಟ್ಟಿಸುತ್ತಿದ್ದ ಗುತ್ತಿಗೆದಾರನ ಬಳಿ ಇಟ್ಟಿಗೆಯ ಲೆಕ್ಕ ಬರೆದ; ಧಾನ್ಯದ ವ್ಯಾಪಾರಿಯ ಮನೆಯಲ್ಲಿ ಆಳಾಗಿ ದುಡಿದ. ಓದು ಬರಹ ಅಷ್ಟಕ್ಕಷ್ಟೇ. ಕೈಗೆ ಇದ್ದಿಲು ಸಿಕ್ಕಿತೆಂದರೆ ಮಾತ್ರ ಗೋಡೆಯೆನ್ನದೆ ಬೇಲಿಯೆನ್ನದೆ ಚಿತ್ರ ಬರೆಯುತ್ತಿದ್ದ.

ಆ ಗೀಳನ್ನು ಕಂಡವರೊಬ್ಬರು, ಕ್ರಿಮಿಯದ ಫಿಯೊದೋಸಿಯದಲ್ಲಿದ್ದ ಐವಜೋವ್‌ಸ್ಕಿಯ ಬಳಿಗೆ ಹೋಗೆಂದು ಹುಡುಗನಿಗೆ ಸಲಹೆಯಿತ್ತರು. ಐವಜೋವ್‌ಸ್ಕಿಯೆಂದರೆ ಕಡಲನ್ನು ಚಿತ್ರಿಸುವುದರಲ್ಲಿ ಯೂರೋಪಿಗೆಲ್ಲ ಹೆಸರಾದ ಕಲಾವಿದ. 1855ರಲ್ಲಿ ಹುಡುಗ ಅಲ್ಲಿಗೆ ಹೋದ. ಗುರು ಊರಲ್ಲಿರಲಿಲ್ಲ. ಮುಂದೆಯೂ ಆ ಮಹಾಶಯ ಈ ಹುಡುಗನನ್ನು ಶಿಷ್ಯನನ್ನಾಗಿ ಸ್ವೀಕರಿಸಲಿಲ್ಲ. ಬಣ್ಣ ಅರೆಯುವ ಕೆಲಸ, ಬೇಲಿಗೆ ಬಣ್ಣ ಬಳಿಯುವ ಕೆಲಸ ದೊರೆಯಿತು. ಅಲ್ಲಿದ್ದ ಫೆಸ್ಲರ್ ಎಂಬ ಕಿರಿಯ ಚಿತ್ರಕಾರನೊಬ್ಬ ಕನಿಕರದಿಂದ ನಾಲ್ಕು ವಿಷಯ ಹೇಳಿಕೊಟ್ಟನಂತೆ. ಗುರುವಿನ ಅಂಗಳದವರೆಗೆ ಹೋಗಿ ಹಿಂದಿರುಗಿದ ಏಕಲವ್ಯನ ನೆನಪಾಗದೆ ಇರದು. ಏಕಲವ್ಯ ಗುರುವಿನ ಮಣ್ಣಿನ ಮೂರ್ತಿಯನ್ನು ಮಾಡಿಕೊಂಡ. ಈ ಹುಡುಗ ಅಜೋವ್ ದಡದ ಬಯಲನ್ನೂ ಅದರ ಮೇಲಣ ಆಕಾಶವನ್ನೂ ಗುರುವಾಗಿಸಿಕೊಂಡನೆಂದು ಹೇಳಬಹುದು. ಮುಂದೆ ತನ್ನಲ್ಲಿಗೆ ಬಂದ ಶಿಷ್ಯರನ್ನು ಆತ ಹೇಗೆ ನಡೆಸಿಕೊಂಡನೆಂಬುದನ್ನು ನೋಡುವಾಗ ಫಿಯೊದೋಸಿಯದ ಈ ಬೇಲಿಯನ್ನು ನಾವು ನೆನಪಿನಲ್ಲಿಡಬೇಕು.

ಹೊಟ್ಟೆಯ ಪಾಡಿಗಾಗಿ ಕುಯಿಂಜಿ ಕೆಲವು ವರ್ಷ ಮಾರಿಯುಪೊಲ್, ಒಡೆಸ್ಸ, ತಗನ್‌ರೋಗ್ ಪಟ್ಟಣಗಳ ಛಾಯಾಚಿತ್ರಕಾರರಲ್ಲಿ ಕೆಲಸ ಮಾಡಿದ. ಛಾಯಾಚಿತ್ರಗಳನ್ನು ನವಿರಾದ ಕುಂಚದಿಂದ ತಿದ್ದುವ ಕೆಲಸ ಅದು. ಬೆಳಕೂ ನೆರಳೂ ಒಂದರೊಳಗೊಂದು ಕರಗುವ ಅಂಚನ್ನು ದಿನವಿಡೀ ದಿಟ್ಟಿಸಿ ನೋಡುವ ಆ ದುಡಿಮೆ ಕಣ್ಣಿಗೆ ಯಾವ ಶಾಲೆಯೂ ಕೊಡದ ಶಿಕ್ಷಣವನ್ನು ಕೊಟ್ಟಿರಬೇಕೆಂದು ನನ್ನ ಊಹೆ. ಬಳಿಕ ಪೀಟರ್ಸ್‌ಬರ್ಗಿಗೆ ಬಂದು ಕಲಾ ಅಕಾಡೆಮಿಯ ಬಾಗಿಲು ತಟ್ಟಿದ. ಪ್ರವೇಶಪರೀಕ್ಷೆಯಲ್ಲಿ ಒಮ್ಮೆಗಲ್ಲ, ಎರಡು ಸಲ ಸೋತ. ಕಡೆಗೆ 1868ರಲ್ಲಿ, ಕ್ರಿಮಿಯದ ಬೆಳದಿಂಗಳಲ್ಲಿ ಒಂದು ತಾತಾರ ಹಳ್ಳಿಯನ್ನು ತೋರಿಸುವ ಚಿತ್ರವು ಅಕಾಡೆಮಿಯ ಪ್ರದರ್ಶನದಲ್ಲಿ ಸ್ಥಾನ ಪಡೆಯಿತು. ಬೆಳದಿಂಗಳು ಆಗಲೇ ಆತನ ಕೈಹಿಡಿದಿತ್ತು. ಈ ಚಿತ್ರದ ಬಲದಿಂದ ಆತನಿಗೆ ತರಗತಿಗಳಲ್ಲಿ ಕುಳಿತು ಪಾಠ ಕೇಳುವ ಅವಕಾಶ ದೊರೆಯಿತು. ಅಲ್ಲಿ ರೇಪಿನ್, ವಸ್ನೆತ್ಸೋವ್ ಮೊದಲಾದ ತರುಣರ ಸ್ನೇಹವಾಯಿತು. ಅವರೆಲ್ಲರಿಗೂ ಹಿರಿಯಣ್ಣನಂತಿದ್ದ ಕ್ರಾಮ್‌ಸ್ಕೊಯ್‌ನ ಪರಿಚಯವಾಯಿತು.

ರಷ್ಯದ ಚಿತ್ರಕಲೆಗೆ ಅದು ಹೊಸ ಹುರುಪಿನ ಕಾಲ. ಅಕಾಡೆಮಿ ಗೊತ್ತುಪಡಿಸಿದ ಪುರಾಣದ ವಸ್ತುಗಳನ್ನು ತೊರೆದು, ತಮ್ಮ ನಾಡನ್ನೂ ತಮ್ಮ ಜನರನ್ನೂ ಚಿತ್ರಿಸಿ, ಆ ಚಿತ್ರಗಳನ್ನು ಊರಿಂದೂರಿಗೆ ಒಯ್ದು ತೋರಿಸಬೇಕೆಂದು ಹೊರಟ ಸಂಚಾರಿ ಕಲಾವಿದರ ಸಂಘವೊಂದು 1870ರಲ್ಲಿ ಸ್ಥಾಪಿತವಾಗಿತ್ತು. ಕುಯಿಂಜಿ 1874ರಲ್ಲಿ ಅವರೊಡನೆ ಚಿತ್ರಗಳನ್ನು ಪ್ರದರ್ಶಿಸಿ, ಮರುವರ್ಷ ಸಂಘದ ಸದಸ್ಯನಾದ. ಅದಕ್ಕೂ ಮುಂಚೆ, 1873ರಲ್ಲಿ, ಲಾದೊಗ ಸರೋವರದ ವಲಾಮ್ ದ್ವೀಪವನ್ನು ಚಿತ್ರಿಸಿದ್ದ. ಮೋಡ ಕವಿದ ಬಾನು, ಬಂಡೆ, ಒಂಟಿಯಾಗಿ ನಿಂತ ಮರಗಳು, ಎಲ್ಲವೂ ಗಂಭೀರ. ಮಾಸ್ಕೋ ನಗರದ ವರ್ತಕನೂ ಮಹಾಸಂಗ್ರಾಹಕನೂ ಆದ ತ್ರೆತ್ಯಾಕೋವ್ ಅದನ್ನು ಕೊಂಡುಕೊಂಡ. 1876ರ ‘ಉಕ್ರೇನಿನ ರಾತ್ರಿ’ಯಲ್ಲಿ ಕುಯಿಂಜಿಯ ನಿಜವಾದ ದನಿ ಕೇಳಿಸಿತು. ಬಡ ಹಳ್ಳಿಯ ಸುಣ್ಣ ಬಳಿದ ಗುಡಿಸಲ ಗೋಡೆಗಳು ಇರುಳಿನಲ್ಲಿ ಬೆಳಗುತ್ತಿದ್ದವು. 1879ರ ‘ಬರ್ಚ್ ಮರಗಳ ತೋಪು’ ಇನ್ನೊಂದು ಬಗೆಯ ಸೋಜಿಗ. ಎಲೆಯೆಲೆಯನ್ನೂ ಬಿಡಿಸಿ ತೋರಿಸುವ ಗೊಡವೆಗೆ ಹೋಗದೆ, ಕಪ್ಪುಹಸುರು ನೆರಳಿಗೆ ಎದುರಾಗಿ ಬಿಸಿಲಿನ ಹಸುರನ್ನು ಅಗಲವಾಗಿ ಹಾಸಿದ. ನೋಡುವವರ ಕಣ್ಣು ಕೋರೈಸಿತು.

ಕೀರ್ತಿಯ ಜೊತೆಗೆ ಕಹಿಯೂ ಬಂದಿತು. ಅದೇ ವರ್ಷ ಪತ್ರಿಕೆಯೊಂದರಲ್ಲಿ ಹೆಸರಿಲ್ಲದ ವಿಮರ್ಶೆ ಪ್ರಕಟವಾಯಿತು. ಕುಯಿಂಜಿಯ ಬಣ್ಣಗಳಲ್ಲಿ ಏಕತಾನತೆಯಿದೆಯೆಂದೂ, ಆತ ಅಗ್ಗದ ಪರಿಣಾಮಗಳ ಬೆನ್ನುಹತ್ತಿದ್ದಾನೆಂದೂ ಅದರಲ್ಲಿ ಆಕ್ಷೇಪವಿತ್ತು. ಬರೆದವನು ಸಂಘದ ಸದಸ್ಯನೇ ಆದ ಕ್ಲೋತ್ ಎಂಬ ನಿಸರ್ಗಚಿತ್ರಕಾರನೆಂದು ತಿಳಿದುಬಂದಿತು. ಎದುರಿಗೆ ನಿಂತು ಆಡಿದ್ದರೆ ಕುಯಿಂಜಿ ಸಹಿಸುತ್ತಿದ್ದನೇನೋ. ಮರೆಯಲ್ಲಿ ನಿಂತು ಆಡಿದ ಮಾತನ್ನು ಸಹಿಸಲಿಲ್ಲ. 1880ರಲ್ಲಿ ಸಂಘವನ್ನು ಬಿಟ್ಟು ಹೊರಬಂದ. ಇನ್ನು ಮುಂದೆ ಆತ ಒಂಟಿ.

ಒಂಟಿಯಾದವನು ಮಾಡಿದ ಮೊದಲ ಕೆಲಸವೇ ಬೆಳದಿಂಗಳ ಚಿತ್ರ. ಆ ವರ್ಷದ ಶರತ್ಕಾಲದಲ್ಲಿ ಪೀಟರ್ಸ್‌ಬರ್ಗಿನ ಕಲಾಪ್ರೋತ್ಸಾಹಕ ಸಂಘದ ಸಭಾಂಗಣದಲ್ಲಿ ಕುಯಿಂಜಿ ಅದೊಂದೇ ಚಿತ್ರವನ್ನು ಪ್ರದರ್ಶನಕ್ಕಿಟ್ಟ. ಒಂದೇ ಚಿತ್ರದ ಪ್ರದರ್ಶನವೆಂಬುದನ್ನು ಅಲ್ಲಿಯವರು ಕಂಡಿರಲಿಲ್ಲ. ಕಿಟಕಿಗಳಿಗೆ ಪರದೆ ಎಳೆದು ಕೋಣೆಯನ್ನು ಕತ್ತಲಾಗಿಸಿ, ದೀಪವೊಂದರ ಬೆಳಕು ಚಿತ್ರದ ಮೇಲೆ ಮಾತ್ರ ಬೀಳುವಂತೆ ಏರ್ಪಡಿಸಿದ್ದ. ಚಿತ್ರ ಬಹು ದೊಡ್ಡದೇನಲ್ಲ. ಸುಮಾರು ಮೂರೂವರೆ ಅಡಿ ಎತ್ತರ, ನಾಲ್ಕೂಮುಕ್ಕಾಲು ಅಡಿ ಅಗಲ. ಅದರಲ್ಲಿ ಬಹುಪಾಲು ಆಕಾಶವೇ. ಮೋಡಗಳ ನಡುವಣ ತೆರವಿನಲ್ಲಿ ಚಂದ್ರ. ಕೆಳಗೆ ಕತ್ತಲೆಯ ಬಯಲಿನಲ್ಲಿ ಮಲಗಿದ ದ್ನೀಪರ್. ಅದರ ನೀರಿನ ಮೇಲೆ ಹಸುರು ಬೆರೆತ ಬೆಳ್ಳಿಯ ಹೊಳಪು. ಇತ್ತಣ ದಡದಲ್ಲಿ ನಿದ್ರಿಸುತ್ತಿರುವ ನಾಲ್ಕಾರು ಗುಡಿಸಲು. ಒಂದರ ಕಿಟಕಿಯಲ್ಲಿ ಕೆಂಪಗೆ ಮಿನುಗುವ ಸಣ್ಣದೊಂದು ದೀಪ. ಇಷ್ಟೇ. ಒಬ್ಬ ಮನುಷ್ಯನೂ ಇಲ್ಲ, ಒಂದು ಘಟನೆಯೂ ಇಲ್ಲ.

ಜನರು ತಾಸುಗಟ್ಟಲೆ ಬೀದಿಯಲ್ಲಿ ಕಾದು, ತಂಡತಂಡವಾಗಿ ಒಳಗೆ ಹೋಗಿ ನೋಡಿದರು. ಚಿತ್ರದ ಹಿಂದೆ ದೀಪವನ್ನು ಬಚ್ಚಿಟ್ಟಿರಬೇಕೆಂದು ಹಿಂಬದಿಗೆ ಹೋಗಿ ಇಣುಕಿದವರಿದ್ದರಂತೆ. ಜಪಾನಿನಿಂದ ತರಿಸಿದ ಚಂದ್ರವರ್ಣವನ್ನು ಬಳಸಿದ್ದಾನೆಂದು ಕೆಲವರು, ಪಿಶಾಚಿಯೊಡನೆ ಒಪ್ಪಂದ ಮಾಡಿಕೊಂಡಿದ್ದಾನೆಂದು ಕೆಲವರು ಆಡಿಕೊಂಡರು. ಮೂಲಧಾತುಗಳ ಕೋಷ್ಟಕವನ್ನು ರಚಿಸಿ ಜಗತ್ಪ್ರಸಿದ್ಧನಾದ ರಸಾಯನಶಾಸ್ತ್ರಜ್ಞ ಮೆಂಡೆಲೀವ್ ಕುಯಿಂಜಿಯ ಆಪ್ತಮಿತ್ರ. ಆತ ಈ ಚಿತ್ರವನ್ನು ಕುರಿತು ಪತ್ರಿಕೆಗೆ ಲೇಖನವನ್ನೇ ಬರೆದ. ವಿಜ್ಞಾನಿಯು ನಿಸರ್ಗವನ್ನು ನಿಸರ್ಗಕ್ಕಾಗಿಯೇ ನೋಡಲು ತೊಡಗಿದ ಕಾಲದಲ್ಲಿಯೇ ಚಿತ್ರಕಾರನೂ ನಿಸರ್ಗಚಿತ್ರದತ್ತ ತಿರುಗಿದನೆಂಬುದು ಅದರ ಹುರುಳು.

ಚಂದ್ರವರ್ಣದ ಗುಟ್ಟೇನು? ಬೆಚ್ಚನೆಯ, ಕೆಂಪುಗಂದು ಛಾಯೆಯ ಕತ್ತಲ ನೆಲವನ್ನು ಒಂದು ಕಡೆ ಇಟ್ಟು, ತಣ್ಣನೆಯ ಹಸುರುಬೆಳ್ಳಿಯನ್ನು ಇನ್ನೊಂದು ಕಡೆ ಇಟ್ಟರೆ ಒಂದು ಮತ್ತೊಂದನ್ನು ಬೆಳಗಿಸುತ್ತದೆ. ಚಿತ್ರದ ಬಹುಭಾಗವನ್ನು ಕತ್ತಲಿಗೆ ಬಿಟ್ಟುಕೊಟ್ಟರೆ, ಉಳಿದ ಕಿರಿದಾದ ಜಾಗದ ಬೆಳಕು ತನ್ನ ಶಕ್ತಿಗೆ ಮೀರಿ ಹೊಳೆಯುತ್ತದೆ. ಇದನ್ನು ಹೇಳುವುದು ಸುಲಭ; ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟ. ವರ್ಣಗಳ ಸೂಕ್ಷ್ಮಭೇದವನ್ನು ಗುರುತಿಸುವ ಕಣ್ಣಿನ ಶಕ್ತಿಯನ್ನು ಅಳೆಯಲು ಪೆತ್ರುಶೆವ್‌ಸ್ಕಿ ಎಂಬ ಭೌತವಿಜ್ಞಾನಿ ಒಂದು ಉಪಕರಣವನ್ನು ತಂದಾಗ, ಕುಯಿಂಜಿಯ ಕಣ್ಣು ಉಳಿದೆಲ್ಲ ಕಲಾವಿದರ ಕಣ್ಣನ್ನು ಬಹುದೂರ ಹಿಂದೆ ಹಾಕಿತೆಂದು ರೇಪಿನ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಗುಟ್ಟು ಬಣ್ಣದ ಬಟ್ಟಲಿನಲ್ಲಿರಲಿಲ್ಲ, ಕಣ್ಣಿನಲ್ಲಿತ್ತು.

ಬಟ್ಟಲಿನಲ್ಲಿದ್ದುದು ಬೇರೆಯೇ ಒಂದು ವಿಪತ್ತು. ಪ್ರದರ್ಶನ ನಡೆಯುತ್ತಿದ್ದಾಗಲೇ ಕ್ರಾಮ್‌ಸ್ಕೊಯ್ ಮಿತ್ರನೊಬ್ಬನಿಗೆ ಬರೆದ ಕಾಗದದಲ್ಲಿ ಒಂದು ಆತಂಕವನ್ನು ತೋಡಿಕೊಂಡಿದ್ದ. ಒಂದಕ್ಕೊಂದು ಒಗ್ಗದ ಬಣ್ಣಗಳನ್ನು ಕುಯಿಂಜಿ ಬೆರೆಸಿದ್ದರೆ ಅವು ಕಾಲಾಂತರದಲ್ಲಿ ಕೆಡಬಹುದು. ಆಗ ಮುಂದಿನವರು ಇಂದಿನವರ ಬೆರಗಿಗೆ ಕಾರಣ ಕಾಣದೆ ತಬ್ಬಿಬ್ಬಾಗಬಹುದು. ಆದುದರಿಂದ ಈ ಚಿತ್ರವು ನಿಜವಾದ ಬೆಳಕಿನಿಂದ ತುಂಬಿತ್ತೆಂದು ನೋಡಿದವರೆಲ್ಲ ಸೇರಿ ಸಾಕ್ಷಿಪತ್ರವನ್ನು ಬರೆದಿಡಬೇಕೇನೋ ಎಂಬುದು ಆತನ ಚಿಂತೆ. ಆ ಭಯ ನಿಜವಾಯಿತು. ಚಿತ್ರವನ್ನು ಕೊಂಡಾತ ರಾಜವಂಶದ ತರುಣ, ಸ್ವತಃ ಕವಿಯೂ ನೌಕಾಧಿಕಾರಿಯೂ ಆದ ಕಾನ್‌ಸ್ತಾಂತಿನ್ ಕಾನ್‌ಸ್ತಾಂತಿನೊವಿಚ್. ಅದನ್ನು ಬಿಟ್ಟಿರಲಾರದೆ ಹಡಗಿನಲ್ಲಿ ತನ್ನೊಡನೆ ದೀರ್ಘವಾದ ಸಮುದ್ರಯಾನಕ್ಕೆ ಕೊಂಡೊಯ್ದ. ದಾರಿಯಲ್ಲಿ, 1881ರ ಆರಂಭದಲ್ಲಿ, ಅದನ್ನು ಪ್ಯಾರಿಸ್ಸಿನಲ್ಲಿ ಕೆಲವು ದಿನ ಪ್ರದರ್ಶಿಸಲಾಯಿತು. ಅಲ್ಲಿದ್ದ ಕಾದಂಬರಿಕಾರ ತುರ್ಗೇನೆವ್, ಚಿತ್ರವನ್ನು ಕಡಲಿನ ಗಾಳಿಗೆ ಒಡ್ಡಬೇಡವೆಂದು ಬೇಡಿಕೊಂಡ. ರಾಜಕುಮಾರ ಕೇಳಲಿಲ್ಲ. ಪ್ರೀತಿಯೇ ಕೇಡಾಯಿತು. ಬಣ್ಣಗಳ ಒಳದೋಷವೂ ಉಪ್ಪುಗಾಳಿಯೂ ಸೇರಿ ಚಿತ್ರ ಕಪ್ಪಾಗತೊಡಗಿತು. ಪೀಟರ್ಸ್‌ಬರ್ಗಿನ ರಷ್ಯನ್ ವಸ್ತುಸಂಗ್ರಹಾಲಯದಲ್ಲಿ ಇಂದು ಅದನ್ನು ನೋಡುವವರು ಚಂದ್ರನನ್ನೂ ನದಿಯನ್ನೂ ಕಾಣುತ್ತಾರೆ. 1880ರ ಆ ಬೆಳದಿಂಗಳನ್ನು ಪೂರ್ತಿಯಾಗಿ ಕಾಣಲಾರರು.

1882ರ ಪ್ರದರ್ಶನದ ಬಳಿಕ ಕುಯಿಂಜಿ ಮೌನಿಯಾದ. ಆತನಿಗೆ ಆಗ ವಯಸ್ಸು ನಾಲ್ವತ್ತರ ಆಸುಪಾಸು. ಕೈ ಸೋತಿರಲಿಲ್ಲ, ಕೊಳ್ಳುವವರಿಗೆ ಕೊರತೆಯಿರಲಿಲ್ಲ. ಚಿತ್ರ ಬರೆಯುವುದನ್ನು ಆತ ನಿಲ್ಲಿಸಲಿಲ್ಲ, ತೋರಿಸುವುದನ್ನು ನಿಲ್ಲಿಸಿದ. ಸಂಗೀತಗಾರನು ಕಂಠ ಚೆನ್ನಾಗಿರುವಾಗಲೇ ವೇದಿಕೆಯಿಂದ ಇಳಿಯಬೇಕು, ಚಿತ್ರಕಾರನೂ ಹಾಗೆಯೇ ಎಂಬರ್ಥದ ಕಾರಣವನ್ನು ಕೇಳಿದವರಿಗೆ ಹೇಳುತ್ತಿದ್ದ. ಇದು ಅಹಂಕಾರವೋ, ನೊಂದ ಮನಸ್ಸಿನ ಹಠವೋ, ಅಥವಾ ತನ್ನ ಬಣ್ಣಗಳು ಮಾಸುತ್ತಿರುವುದನ್ನು ತಿಳಿದವನ ವಿವೇಕವೋ ನಿರ್ಣಯಿಸುವುದು ಕಷ್ಟ. ಮೂರೂ ಕೊಂಚಕೊಂಚ ಇದ್ದಿರಬಹುದೆಂದು ನನಗನ್ನಿಸುತ್ತದೆ.

ಈ ಅಜ್ಞಾತವಾಸದಲ್ಲಿ ಆತ ಮನೆಯೊಂದನ್ನು ಕೊಂಡು, ದುರಸ್ತಿ ಮಾಡಿ, ಬಾಡಿಗೆಗೆ ಕೊಟ್ಟು ಹಣವಂತನಾದ. ಕ್ರಿಮಿಯದ ಕಡಲದಡದಲ್ಲಿ ವಿಶಾಲವಾದ ಜಮೀನನ್ನು ಕೊಂಡ. ಗಂಡಹೆಂಡಿರ ಬಾಳು ಮಾತ್ರ ಬಡವರ ಬಾಳಿನಂತೆಯೇ ಸರಳವಾಗಿತ್ತು, ಆಳುಕಾಳುಗಳಿಲ್ಲ, ಆಡಂಬರವಿಲ್ಲ. ಹಕ್ಕಿಗಳೆಂದರೆ ಆತನಿಗೆ ಪ್ರಾಣ. ಮನೆಯ ಮಾಳಿಗೆಯ ಮೇಲೆ ತೋಟ ಮಾಡಿ, ನಗರದ ಕೋಟೆಯಲ್ಲಿ ನಡುಹಗಲ ಫಿರಂಗಿ ಹಾರಿದೊಡನೆ ಕಾಗೆ, ಗುಬ್ಬಿ, ಪಾರಿವಾಳಗಳಿಗೆ ಉಣಿಸುತ್ತಿದ್ದ. ರೆಕ್ಕೆ ಮುರಿದ ಹಕ್ಕಿ ಸಿಕ್ಕಿದರೆ ಶುಶ್ರೂಷೆ ಮಾಡುತ್ತಿದ್ದ. ಹಕ್ಕಿಗೆ ಔಷಧೋಪಚಾರ ಮಾಡುತ್ತಿರುವ ಕುಯಿಂಜಿಯನ್ನು ವ್ಯಂಗ್ಯಚಿತ್ರಕಾರನೊಬ್ಬ ಚಿತ್ರಿಸಿ ಊರನ್ನೆಲ್ಲ ನಗಿಸಿದ್ದೂ ಉಂಟು.

ಎರಡು ಸಲ ಪರೀಕ್ಷೆಯಲ್ಲಿ ಕೆಡವಿದ ಅಕಾಡೆಮಿ, ತನ್ನ ವ್ಯವಸ್ಥೆಯನ್ನು ಸುಧಾರಿಸಿಕೊಂಡ ಮೇಲೆ 1894ರಲ್ಲಿ ನಿಸರ್ಗಚಿತ್ರ ವಿಭಾಗದ ಪ್ರಾಧ್ಯಾಪಕ ಪೀಠವನ್ನು ಆತನಿಗೆ ಒಪ್ಪಿಸಿತು. ಪಂಡಿತನಲ್ಲ, ವಾಗ್ಮಿಯಲ್ಲ, ಮಾತು ತಡೆತಡೆದು ಬರುತ್ತಿತ್ತು. ಹೀಗಿದ್ದೂ ತರುಣರು ಆತನ ಚಿತ್ರಶಾಲೆಯನ್ನು ಮುತ್ತಿದರು. ಅದಕ್ಕೆ ಕಾರಣವನ್ನು ಆತನ ಬೋಧನಾಕ್ರಮದಲ್ಲಿಯೇ ಹುಡುಕಬೇಕು.

ಬಯಲಿಗೆ ಹೋಗಿ, ಕಂಡದ್ದನ್ನು ಕಂಡಂತೆ ಬರೆದು ತರುವ ಅಭ್ಯಾಸಚಿತ್ರ ಬೇರೆ, ಕೃತಿ ಬೇರೆ ಎಂಬುದು ಕುಯಿಂಜಿಯ ಮುಖ್ಯ ಸೂತ್ರ. ಅಭ್ಯಾಸಚಿತ್ರವನ್ನು ಎಷ್ಟು ಬೇಕಾದರೂ ಬರೆಯಬೇಕು. ಎಲೆ, ಕಲ್ಲು, ಮೋಡ, ನೀರು ಇವುಗಳ ಸ್ವಭಾವವನ್ನು ಕೈಗೂ ಕಣ್ಣಿಗೂ ಕರಗತ ಮಾಡಿಕೊಳ್ಳಬೇಕು. ಕೃತಿಯನ್ನು ರಚಿಸಲು ಕುಳಿತಾಗ ಮಾತ್ರ ಅವೆಲ್ಲವನ್ನೂ ಬದಿಗಿಟ್ಟು, ನೆನಪಿನಿಂದಲೂ ಅಂತರಂಗದಿಂದಲೂ ಬರೆಯಬೇಕು. ಅಭ್ಯಾಸಚಿತ್ರಗಳನ್ನು ಕತ್ತರಿಸಿ ಜೋಡಿಸಿದರೆ ಕೃತಿಯಾಗುವುದಿಲ್ಲ. ನಮ್ಮ ಮೀಮಾಂಸಕರು ವ್ಯುತ್ಪತ್ತಿ, ಅಭ್ಯಾಸಗಳನ್ನು ಪ್ರತಿಭೆಯ ಸಂಗಡ ಹೆಸರಿಸಿದರೂ ಪ್ರತಿಭೆಗೆ ಅಗ್ರಸ್ಥಾನವನ್ನಿತ್ತುದನ್ನು ಸಾಹಿತ್ಯ ವಿದ್ಯಾರ್ಥಿಗಳು ಇಲ್ಲಿ ಸ್ಮರಿಸಬಹುದು.

ಇನ್ನೊಂದು ಸಂಗತಿ ಇದಕ್ಕಿಂತ ಹಿರಿದು. ಬೆಳದಿಂಗಳನ್ನು ಬರೆದು ಗೆದ್ದ ಗುರು ಯಾವ ಶಿಷ್ಯನ ಮೇಲೂ ತನ್ನ ಬೆಳದಿಂಗಳನ್ನು ಹೇರಲಿಲ್ಲ. ಉತ್ತರದಿಂದ ಬಂದವನು ಹಿಮವನ್ನೇ ಬರೆಯಲಿ, ಕ್ರಿಮಿಯದಿಂದ ಬಂದವನು ಬಂಡೆಯನ್ನೇ ಬರೆಯಲಿ ಎಂಬುದು ಆತನ ನಿಲುವು. ಪ್ರಸಿದ್ಧನಾದ ಕಲಾವಿದ ಶಿಕ್ಷಕನಾದಾಗ ಶಿಷ್ಯರು ಆತನ ನಕಲುಗಳಾಗುವುದು ಲೋಕಾರೂಢಿ. ನಮ್ಮ ಸಾಹಿತ್ಯದಲ್ಲಿಯೂ ಹಿರಿಯ ಕವಿಯೊಬ್ಬರ ಸುತ್ತ ಅವರ ಛಂದಸ್ಸಿನಲ್ಲಿಯೇ ಉಸಿರಾಡುವ ಕಿರಿಯರ ಗುಂಪು ಬೆಳೆದುಕೊಂಡದ್ದನ್ನು ಕಂಡಿದ್ದೇವೆ. ಕುಯಿಂಜಿಯ ಶಾಲೆಯಲ್ಲಿ ಹಾಗಾಗಲಿಲ್ಲ. ಬಡ ವಿದ್ಯಾರ್ಥಿಗಳಿಗೆ ಆತ ಗುಟ್ಟಾಗಿ ಹಣ ಕೊಡುತ್ತಿದ್ದ. ಸಂಜೆಯ ಚಹಾಕ್ಕೆ ಶಿಷ್ಯರನ್ನು ಕೂಡಿಸಿಕೊಂಡು ಮಾತಾಡುತ್ತಿದ್ದ. 1895ರ ಬೇಸಗೆಯಲ್ಲಿ ಅವರನ್ನು ಕ್ರಿಮಿಯದ ತನ್ನ ಜಮೀನಿಗೇ ಕರೆದುಕೊಂಡು ಹೋಗಿ ಬಯಲಿನಲ್ಲಿ ಚಿತ್ರ ಬರೆಸಿದ. ಐವಜೋವ್‌ಸ್ಕಿಯ ಬೇಲಿಗೆ ಬಣ್ಣ ಬಳಿದ ಹುಡುಗ, ಅದೇ ಕ್ರಿಮಿಯದಲ್ಲಿ, ತನಗೆ ದೊರೆಯದೆ ಹೋದುದನ್ನು ಇತರರಿಗೆ ಕೊಟ್ಟ.

ಈ ಸುಖ ಬಹುಕಾಲ ಉಳಿಯಲಿಲ್ಲ. 1897ರಲ್ಲಿ ಅಧಿಕಾರಿಗಳ ವರ್ತನೆಯಿಂದ ಕೆರಳಿ ಅಕಾಡೆಮಿಯ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಕುಯಿಂಜಿ ವಿದ್ಯಾರ್ಥಿಗಳ ನಡುವೆ ನಿಂತ. ಮೇಲಿನವರಿಗೆ ಇದು ಅವಿಧೇಯತೆಯಾಗಿ ಕಂಡಿತು. ಆತನನ್ನು ಎರಡು ದಿನ ಗೃಹಬಂಧನದಲ್ಲಿಟ್ಟು, ಪ್ರಾಧ್ಯಾಪಕ ಪದವಿಯಿಂದ ತೆಗೆದುಹಾಕಿದರು. ಮೂರು ವರ್ಷದ ಅಧ್ಯಾಪಕತನ ಹೀಗೆ ಮುಗಿಯಿತು. ಮುಗಿದುದು ಸಂಬಳದ ಅಧ್ಯಾಪಕತನ ಮಾತ್ರ. ಮರುವರ್ಷ, 1898ರಲ್ಲಿ, ಕುಯಿಂಜಿ ತನ್ನ ಸ್ವಂತ ಖರ್ಚಿನಿಂದ ಶಿಷ್ಯರನ್ನು ಬರ್ಲಿನ್, ಡ್ರೆಸ್ಡೆನ್, ಪ್ಯಾರಿಸ್, ಮ್ಯೂನಿಕ್, ವಿಯೆನ್ನ ನಗರಗಳ ಚಿತ್ರಶಾಲೆಗಳಿಗೆ ಕರೆದೊಯ್ದು ತೋರಿಸಿದ. ಕೆಲಸ ಕಳೆದುಕೊಂಡ ಅಧ್ಯಾಪಕನೊಬ್ಬ ತನ್ನ ತರಗತಿಯನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಯೂರೋಪನ್ನು ಸುತ್ತಿದ ಇಂತಹ ಪ್ರಸಂಗ ಕಲೆಯ ಚರಿತ್ರೆಯಲ್ಲಿ ಅಪರೂಪ. ಹೊರಹಾಕಿದ ಅಕಾಡೆಮಿಯ ಮೇಲೆ ಆತ ಹಗೆ ಸಾಧಿಸಲಿಲ್ಲ. 1904ರಲ್ಲಿ ಅದೇ ಅಕಾಡೆಮಿಗೆ 1,00,000 ರೂಬಲ್‌ಗಳನ್ನು ಕೊಟ್ಟು, ಅದರ ಬಡ್ಡಿಯಿಂದ ವರ್ಷವರ್ಷವೂ ಕಿರಿಯ ಕಲಾವಿದರಿಗೆ 24 ಬಹುಮಾನಗಳು ದೊರೆಯುವಂತೆ ಮಾಡಿದ.

1901ರಲ್ಲಿ ಒಮ್ಮೆ ಮಾತ್ರ ಮೌನ ಮುರಿಯಿತು. ಶಿಷ್ಯರನ್ನೂ ಮೆಂಡೆಲೀವ್ ಮೊದಲಾದ ಆಪ್ತರನ್ನೂ ಮನೆಗೆ ಕರೆಸಿ ಕೆಲವು ಚಿತ್ರಗಳನ್ನು ತೋರಿಸಿದ. ನೋಡಿದವರು ಬೆರಗಾದರು, ಪತ್ರಿಕೆಗಳು ಮತ್ತೆ ಆತನನ್ನು ಕುರಿತು ಬರೆದವು. ಕುಯಿಂಜಿ ಮತ್ತೆ ಬಾಗಿಲು ಮುಚ್ಚಿಕೊಂಡ. ಬಾಳಿನ ಕೊನೆಗಾಲದಲ್ಲಿ ಆತನ ಹೆಸರಿನಲ್ಲಿಯೇ ಕಲಾವಿದರ ಸಂಘವೊಂದು ಏರ್ಪಟ್ಟಿತು. ತನ್ನ ಚಿತ್ರಗಳನ್ನೂ, ಕ್ರಿಮಿಯದ ಜಮೀನನ್ನೂ, ಉಳಿದ ಬಹುಪಾಲು ಸಂಪತ್ತನ್ನೂ ಆ ಸಂಘಕ್ಕೆ ಬಿಟ್ಟು, 1910ರ ಜುಲೈ ತಿಂಗಳಿನಲ್ಲಿ ಹೃದ್ರೋಗದಿಂದ ತೀರಿಕೊಂಡ. ಹೆಂಡತಿಗೆ ಉಳಿದದ್ದು ಜೀವನಕ್ಕೆ ಸಾಕಾಗುವಷ್ಟು ವರ್ಷಾಶನ.

ಇನ್ನು ಶಿಷ್ಯರ ಮಾತು. ಬೊರೀಸೊವ್ ಉತ್ತರಧ್ರುವದ ಕಡೆಗೆ ಹೋಗಿ ಮಂಜುಗಡ್ಡೆಯ ಲೋಕವನ್ನು ಬರೆದ. ಬೊಗಯೆವ್‌ಸ್ಕಿ ಕ್ರಿಮಿಯದ ಬಂಜರು ಬೆಟ್ಟಗಳಲ್ಲಿ ಪ್ರಾಚೀನ ಕಾಲದ ಕನಸನ್ನು ಕಂಡ. ರಿಲೋವ್ ಗಾಳಿಗೆ ತೊನೆಯುವ ಮರಗಳನ್ನೂ ನೀಲಿಯ ವಿಸ್ತಾರದಲ್ಲಿ ಹಾರುವ ಹಂಸಗಳನ್ನೂ ಚಿತ್ರಿಸಿದ. ಪುರ್ವಿಟಿಸ್ ತನ್ನ ನಾಡಾದ ಲಾಟ್ವಿಯಕ್ಕೆ ಮರಳಿ, 1919ರಲ್ಲಿ ಸ್ಥಾಪಿತವಾದ ಅಲ್ಲಿಯ ಕಲಾ ಅಕಾಡೆಮಿಯ ಮೊದಲ ಮುಖ್ಯಸ್ಥನಾದ. ರುಶ್ಚಿತ್ಸ್ ಅದೇ ವರ್ಷ ವಿಲ್ನ ನಗರದ ವಿಶ್ವವಿದ್ಯಾಲಯದಲ್ಲಿ ಪೋಲಿಷ್ ಕಲಾವಿದರ ಪಾಠಶಾಲೆಯನ್ನು ಕಟ್ಟಿದ. ಒಬ್ಬರ ಚಿತ್ರ ಇನ್ನೊಬ್ಬರದನ್ನು ಹೋಲುವುದಿಲ್ಲ; ಗುರುವಿನದನ್ನೂ ಹೋಲುವುದಿಲ್ಲ. ಅವರಲ್ಲಿ ಹಲವರು ಮುಂದೆ ತಾವೂ ಗುರುಗಳಾದರೆಂಬುದೊಂದೇ ಎಲ್ಲರಲ್ಲಿ ಕಾಣುವ ಹೋಲಿಕೆ.

ಆ ಶಿಷ್ಯರಲ್ಲಿ ಒಬ್ಬನ ದಾರಿ ನಮ್ಮ ಕಡೆಗೇ ಬಂದಿತು. ವಿಶ್ವವಿದ್ಯಾಲಯದಲ್ಲಿ ಕಾನೂನನ್ನೂ ಅಕಾಡೆಮಿಯಲ್ಲಿ ಚಿತ್ರಕಲೆಯನ್ನೂ ಒಟ್ಟಿಗೆ ಓದುತ್ತಿದ್ದ ನಿಕೊಲಾಯ್ ರೋರಿಕ್ 1895ರಲ್ಲಿ ಕುಯಿಂಜಿಯ ಚಿತ್ರಶಾಲೆಯನ್ನು ಸೇರಿದ. 1897ರಲ್ಲಿ ಆತ ಬರೆದ ‘ದೂತ’ ಎಂಬ ಚಿತ್ರವನ್ನು ತ್ರೆತ್ಯಾಕೋವ್ ಕೊಂಡುಕೊಂಡ. ಬೆಳದಿಂಗಳ ಚಿತ್ರಕ್ಕೆ ಆಶ್ರಯವಿತ್ತಿದ್ದ ಕಲಾಪ್ರೋತ್ಸಾಹಕ ಸಂಘದ ಶಾಲೆಗೇ ರೋರಿಕ್ 1906ರಲ್ಲಿ ನಿರ್ದೇಶಕನಾದ. 1923ರಲ್ಲಿ ಭಾರತಕ್ಕೆ ಬಂದು, ಮಧ್ಯ ಏಷ್ಯವನ್ನೆಲ್ಲ ಸುತ್ತಿ, 1928ರಲ್ಲಿ ಹಿಮಾಲಯದ ಕುಲ್ಲೂ ಕಣಿವೆಯ ನಗ್ಗರದಲ್ಲಿ ನೆಲಸಿ, 1947ರ ಡಿಸೆಂಬರಿನಲ್ಲಿ ಅಲ್ಲಿಯೇ ದೇಹಬಿಟ್ಟ. ಕುಯಿಂಜಿಯನ್ನು ನೆನೆಯುವಾಗ ಆತ ನಮ್ಮ ಗುರು ಎಂಬ ಪದವನ್ನೇ ಬಳಸುತ್ತಿದ್ದ. ಆತನ ಮಗ ಸ್ವೆತೊಸ್ಲಾವ್ ರೋರಿಕ್ ಅವರೂ ಚಿತ್ರಕಾರರು. ಚಿತ್ರರಂಗದ ದೇವಿಕಾರಾಣಿಯವರನ್ನು 1945ರಲ್ಲಿ ವಿವಾಹವಾಗಿ, ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ಬದುಕನ್ನು ಕಳೆದು, 1993ರಲ್ಲಿ ನಮ್ಮ ನೆಲದಲ್ಲಿಯೇ ಕಣ್ಣುಮುಚ್ಚಿದರು. ತಂದೆಮಕ್ಕಳಿಬ್ಬರ ಚಿತ್ರಗಳೂ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿವೆ. ನಿಕೊಲಾಯ್ ರೋರಿಕ್ ಬರೆದ ಹಿಮಗಿರಿಗಳ ಮುಂದೆ ನಿಂತಾಗಲೆಲ್ಲ ನಾನು ಒಂದನ್ನು ಗಮನಿಸಿದ್ದೇನೆ. ವಿವರಗಳನ್ನೆಲ್ಲ ಬಿಟ್ಟು ಅಗಲವಾದ ಬಣ್ಣದ ಪಟ್ಟಿಗಳಲ್ಲಿ ಬೆಟ್ಟವನ್ನು ನಿಲ್ಲಿಸುವ ಧೈರ್ಯವು ‘ಬರ್ಚ್ ಮರಗಳ ತೋಪು’ ಬರೆದವನ ಶಾಲೆಯದು. ಬೆಟ್ಟಗಳು ಮಾತ್ರ ರೋರಿಕ್‌ನವೇ. ನಮ್ಮ ಊರಿನ ವಿದ್ಯಾರ್ಥಿಯೊಬ್ಬನು ಕುಯಿಂಜಿಯ ಒಂದು ಚಿತ್ರವನ್ನೂ ನೋಡದೆ, ಆತನ ಪಾಠವನ್ನು ನೋಡಬಹುದು.

ಕುಯಿಂಜಿ ಯಾರವನು ಎಂಬ ಜಗಳ ಇಂದಿಗೂ ತೀರಿಲ್ಲ. ಹುಟ್ಟಿದುದು ಇಂದಿನ ಉಕ್ರೇನಿನಲ್ಲಿ, ರಕ್ತ ಗ್ರೀಕರದು, ಮನೆಮಾತು ತುರ್ಕಿ ಬಳಗದ್ದು, ಕೀರ್ತಿ ಗಳಿಸಿದುದು ರಷ್ಯದ ರಾಜಧಾನಿಯಲ್ಲಿ. ಮಾರಿಯುಪೊಲ್ ಪಟ್ಟಣ 2010ರಲ್ಲಿ ಆತನ ಹೆಸರಿನ ವಸ್ತುಸಂಗ್ರಹಾಲಯವನ್ನು ತೆರೆದಿತ್ತು. 2022ರ ಮಾರ್ಚಿಯಲ್ಲಿ ಆ ಕಟ್ಟಡ ಯುದ್ಧದ ಬಾಂಬಿಗೆ ತುತ್ತಾಗಿ ಹಾಳಾಯಿತು. ಚಿತ್ರವನ್ನು ಕೆಡಿಸಲು ಕಡಲಗಾಳಿಯೇ ಬೇಕಾಗಿಲ್ಲ. ಮನುಷ್ಯನ ಕೈಯೇ ಸಾಕು.

ಕ್ರಾಮ್‌ಸ್ಕೊಯ್ ಬಯಸಿದ ಸಾಕ್ಷಿಪತ್ರವನ್ನು ಯಾರೂ ಬರೆಯಲಿಲ್ಲ. ಅದರ ಬದಲು ಶಿಷ್ಯರು ತಮ್ಮ ಬಾಳುಗಳಿಂದಲೇ ಒಂದು ಸಾಕ್ಷ್ಯವನ್ನಿತ್ತರು. ಗುರುವಿನ ಸಮಾಧಿಗೆ ಒಂದು ಸ್ಮಾರಕವಾಗಬೇಕೆಂದಾಗ ವಾಸ್ತುಶಿಲ್ಪಿ ಶ್ಚೂಸೆವ್ ಗ್ರಾನೈಟಿನ ಪ್ರಭಾವಳಿಯನ್ನು ಕಲ್ಪಿಸಿದ. ಬೆಕ್ಲೆಮಿಶೆವ್ ಎದೆಮಟ್ಟದ ಪ್ರತಿಮೆಯನ್ನು ಕಡೆದ. ಅದರ ಹಿಂಬದಿಗೆ ರೋರಿಕ್ ಜೀವವೃಕ್ಷವೊಂದನ್ನು ರೂಪಿಸಿಕೊಟ್ಟ. 1952ರಲ್ಲಿ ಆ ಸಮಾಧಿಯನ್ನು ಪೀಟರ್ಸ್‌ಬರ್ಗಿನ ಅಲೆಕ್ಸಾಂದರ್ ನೆವ್‌ಸ್ಕಿ ಮಠದ ಆವರಣದಲ್ಲಿರುವ ತೀಖ್ವಿನ್ ಸ್ಮಶಾನಕ್ಕೆ ಸಾಗಿಸಲಾಯಿತು. ಇಂದಿಗೂ ಅಲ್ಲಿ ನೋಡಬಹುದು. ಶಿಷ್ಯನು ಗುರುವಿಗಾಗಿ ರೂಪಿಸಿದ ಆ ವೃಕ್ಷ ಎಣ್ಣೆಬಣ್ಣದಲ್ಲಿಲ್ಲ. ಬಣ್ಣದ ಹರಳುಗಳನ್ನು ಒಂದೊಂದಾಗಿ ಕೂಡಿಸಿ ಮಾಡಿದ ಚಿತ್ರ ಅದು. ಮಳೆ, ಹಿಮ, ಕಡಲಗಾಳಿ ಯಾವುದೂ ಅದರ ಬಣ್ಣವನ್ನು ಕಪ್ಪಾಗಿಸಿಲ್ಲ.